ಹಬ್ಬದ ಗಾಳಿ ಸೋಸಿದ ವರ್ಷಗಳು

ನನ್ನ ನಿವೃತ್ತಿಗೆ ಯಾರೂ ಹಾರ ತರಲಿಲ್ಲ. ಒಂದು ಬೆಳಿಗ್ಗೆ ಇಬ್ಬರು ಬಂದು ನಮ್ಮ ಮಾಳಿಗೆಯ ಮೇಲಿದ್ದ ಪೆಟ್ಟಿಗೆಯ ನಾಲ್ಕು ಬೋಲ್ಟು ಬಿಚ್ಚಿದರು. ಅದಕ್ಕೆ ಗೋಣಿತಟ್ಟು ಸುತ್ತಿ, ಮೆಟ್ಟಿಲ ಗೋಡೆಗೆ ತಾಗದ ಹಾಗೆ ನಿಧಾನವಾಗಿ ಇಳಿಸಿ, "ಅಮ್ಮಾ, ಇಲ್ಲೊಂದು ಸಹಿ ಮಾಡ್ರಿ" ಅಂದರು. ಮಾಡಿದೆ. ಇಪ್ಪತ್ತು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು. ಕುಕ್ಕರಿನ ಎರಡನೇ ಸೀಟಿ ಆಗಿತ್ತು, ಒಳಗೆ ಹೋದೆ.

ಸರ್ಕಾರದ ಲೆಕ್ಕದಲ್ಲಿ ನಾನು ನೌಕರಳೇ ಅಲ್ಲ, ಗೃಹಿಣಿ. ರಾಯಚೂರಿನ ಗಾಳಿಯಲ್ಲಿ ಎಷ್ಟು ಧೂಳು, ಎಷ್ಟು ಹೊಗೆ ಎಂದು ಅಳೆಯುವ ಯಂತ್ರವೊಂದು ನಮ್ಮ ಮಾಳಿಗೆಯ ಮೇಲಿತ್ತು. ವಾರಕ್ಕೆ ಎರಡು ದಿನ ಅದನ್ನು ಚಾಲೂ ಮಾಡಿ, ಎಂಟು ತಾಸಿಗೊಮ್ಮೆ ಅದರೊಳಗಿನ ಬಿಳಿ ಹಾಳೆ ಬದಲಿಸಿ, ಪುಸ್ತಕದಲ್ಲಿ ಬರೆದಿಡುವುದು ನನ್ನ ಕೆಲಸ. ದೀಪಾವಳಿಯಲ್ಲಿ ಮಾತ್ರ ಬಿಡುವಿಲ್ಲದೆ ದಿನಾಲೂ.

ಈಚೆಗೆ ಇಬ್ಬರು ಹುಡುಗಿಯರು ಪೇಢೆ ತೆಗೆದುಕೊಂಡು ನನ್ನನ್ನು ನೋಡಲು ಬಂದಿದ್ದರು. ಒಬ್ಬಳಿಗೆ ಮಾನ್ವಿ, ಇನ್ನೊಬ್ಬಳಿಗೆ ದೇವದುರ್ಗ. ಹಾಳೆಯ ಯಂತ್ರ ಇನ್ನೂ ನಡೆಯುವ ಆ ಊರುಗಳಲ್ಲಿ ಗಾಳಿ ಅಳೆಯುವ ಕೆಲಸಕ್ಕೆ ಹೊಸದಾಗಿ ಸೇರಿದವರು. "ಆಂಟಿ, ಏನೇನ್ ಲಕ್ಷ್ಯ ಇಡಬೇಕ್ರಿ?" ಎಂದು ಕೇಳಿದರು. ತೋಚಿದ ನಾಲ್ಕು ಮಾತು ಹೇಳಿ ಕಳಿಸಿದೆ. ಹೇಳದೆ ಉಳಿದದ್ದು ಇಲ್ಲಿದೆ. ಈ ಕೆಲಸದಲ್ಲಿ ನಾನು ಕಲಿತದ್ದು ಬಹಳ; ಕಳೆದುಕೊಂಡದ್ದು ಒಬ್ಬಳನ್ನು. ಪಕ್ಕದ ಮನೆಯ ನಾಗರತ್ನ. ಅವಳನ್ನು ಹೇಗೆ ಕಳೆದುಕೊಂಡೆ ಎಂದು ಹೇಳದಿದ್ದರೆ ಈ ಕೆಲಸದ ಬಗ್ಗೆ ಏನು ಹೇಳಿದರೂ ಅರ್ಧವೇ ಆದೀತು.

ನಮ್ಮ ಮನೆಯವರು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಅವರ ಪರಿಚಯದ ವೆಂಕೋಬ ಸಾಹೇಬರು ಗಾಳಿಯ ಮಾಲಿನ್ಯ ನೋಡುವ ಇಲಾಖೆಯಲ್ಲಿ ಅಧಿಕಾರಿ. ಅಕ್ಕಿ ಗಿರಣಿಗಳಿಂದ ದೂರ ಇರುವ, ಸುತ್ತ ಎತ್ತರದ ಕಟ್ಟಡ ಇಲ್ಲದ ಮನೆಯೊಂದನ್ನು ಅವರು ಹುಡುಕುತ್ತಿದ್ದರು. ನಮ್ಮ ಮಾಳಿಗೆ ಹಿಡಿಸಿತು. "ಆದ್ರ ಹಗಲೆಲ್ಲಾ ಮನ್ಯಾಗಿರೋರು ಬೇಕಲ್ರೀ. ಇಂಗ್ಲಿಷ್ ನಮೂನೆ ತುಂಬಬೇಕು" ಅಂದರು. ನಮ್ಮ ಮನೆಯವರು ಅಡುಗೆಮನೆಯ ಕಡೆ ಕೈ ತೋರಿಸಿದರು. ನಾನು ಹೂರಣ ರುಬ್ಬುತ್ತಿದ್ದೆ. ಕೈ ತೊಳೆದು ಬಂದು ಒಂದು ನಮೂನೆ ತುಂಬಿ ತೋರಿಸಿದೆ. ದೇವದುರ್ಗದಿಂದ ನನ್ನನ್ನು ರಾಯಚೂರಿನ ಕಾನ್ವೆಂಟಿಗೆ ಹಾಕಿದ್ದರು. ಅಲ್ಲಿ ಸಿಸ್ಟರ್ ಅಂಚು ಬಿಡದೆ ಬರೆದರೆ ಮತ್ತೊಮ್ಮೆ ಬರೆಸುತ್ತಿದ್ದರು. ಆ ಅಕ್ಷರ ನೋಡಿ ಸಾಹೇಬರು, "ತಾಯೀ, ನೀವ ಆಗಬೇಕು" ಅಂದರು.

ಯಂತ್ರ ಅಂದರೆ ತಗಡಿನ ಸಣ್ಣ ಮನೆಯಂಥ ಪೆಟ್ಟಿಗೆ. ಮೇಲೆ ಮನೆಗಿರುವಂತೆಯೇ ಇಳಿಜಾರು ಚಾವಣಿ. ಅದರ ಕೆಳಗೆ ಚೌಕಟ್ಟಿನಲ್ಲಿ ಬಿಳಿ ಹಾಳೆ. ಒಳಗಿನ ಮೋಟಾರು ಗಾಳಿ ಎಳೆಯುತ್ತದೆ, ಗಾಳಿ ಹಾಳೆಯ ಮೂಲಕ ಹಾಯುತ್ತದೆ, ಹೊಲಸು ಹಾಳೆಯ ಮೇಲೆ ನಿಲ್ಲುತ್ತದೆ. ಆ ಹಾಳೆಯನ್ನು ಇಲಾಖೆಯವರು ಒಯ್ದು ತೂಗಿ ಲೆಕ್ಕ ಹಾಕುತ್ತಾರೆ. ಹಾಳೆಯನ್ನು ಬೆರಳಿನಿಂದ ಮುಟ್ಟುವಂತಿಲ್ಲ, ಚಿಮುಟದಿಂದ ಅಂಚು ಹಿಡಿದು ಎತ್ತಬೇಕು. ಹಪ್ಪಳದ ಹಿಟ್ಟಿನ ಹಾಳೆ ಎತ್ತಿ ರೂಢಿ ಇದ್ದವರಿಗೆ ಅದು ಕಷ್ಟವಲ್ಲ. ಬೆಳಗಿನ ಆರಕ್ಕೆ ಹಾಲಿಗೆ ಒಲೆ ಹಚ್ಚುವ ಮುಂಚೆ ಒಂದು ಹಾಳೆ, ಮಧ್ಯಾಹ್ನ ಎರಡಕ್ಕೆ ಊಟದೆಲೆ ತೆಗೆದ ಮೇಲೆ ಇನ್ನೊಂದು, ರಾತ್ರಿ ಮಲಗುವ ಮುಂಚೆ ಮೂರನೆಯದು.

ಮೊದಲ ವರ್ಷವೇ ದೊಡ್ಡ ತಪ್ಪು ಮಾಡಿದೆ. ಮಹಾನವಮಿಯ ಆಯುಧಪೂಜೆ ಬಂತು. ಅತ್ತೆಯವರು ಹೊಲಿಗೆ ಯಂತ್ರ, ಈಳಿಗೆ, ಮಗನ ಸ್ಕೂಟರು ಎಲ್ಲಕ್ಕೂ ಕುಂಕುಮ ಹಚ್ಚಿದ ಮೇಲೆ, "ಮ್ಯಾಲಿಂದೊಂದು ಉಳೀತಲ್ಲವಾ. ಸರ್ಕಾರದ್ದಾದ್ರೇನು, ನಮ್ಮ ಮನ್ಯಾಗ ದುಡೀಲಿಕ್ಕತ್ತದ" ಅಂದರು. ನನಗೂ ಸರಿ ಕಂಡಿತು. ಪೆಟ್ಟಿಗೆಗೆ ಅರಿಷಿಣ ಕುಂಕುಮ ಹಚ್ಚಿ ಚೆಂಡು ಹೂವಿನ ಮಾಲೆ ಹಾಕಿದೆವು. ಅತ್ತೆಯವರು ಧೂಪದಾನಿಯಲ್ಲಿ ಕೆಂಡಕ್ಕೆ ಲೋಬಾನ ಸುರಿದು, ಚಾವಣಿಯ ನಾಲ್ಕೂ ಕಡೆ ಹಿಡಿದು, ಕೊನೆಗೆ ಕರ್ಪೂರ ಬೆಳಗಿದರು. ಯಂತ್ರ ಚಾಲೂ ಇತ್ತು. ಎಂಟು ತಾಸು ಇಡೀ ಊರಿನ ಗಾಳಿ ಎಳೆಯಬೇಕಾದದ್ದು ನಮ್ಮ ಭಕ್ತಿಯನ್ನೆಲ್ಲ ಎಳೆದುಕೊಂಡಿತು.

ಹಾಳೆ ನೋಡಿ ಸಾಹೇಬರು ಗಾಬರಿಯಾದರು. ಯಾವುದೋ ಗಿರಣಿಯವರು ಹೊಟ್ಟು ಸುಡುತ್ತಿರಬೇಕೆಂದು ಜೀಪಿನಲ್ಲಿ ಎರಡು ಸುತ್ತು ತಿರುಗಿ ಬಂದರು. ಹೇಳಿದವರು ಅತ್ತೆಯವರೇ: "ಹೊಗಿ ಹಾಕಿದವಳು ನಾನಪಾ. ದೃಷ್ಟಿ ಆಗಬಾರದಂತ."

ಸಾಹೇಬರು ಮೆಟ್ಟಿಲ ಮೇಲೆ ಕುಳಿತು ನಕ್ಕದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಗು ಮುಗಿದ ಮೇಲೆ ಪುಸ್ತಕ ತೆಗೆದು ಕೊನೆಯ ಕಾಲಮಿನ ಮೇಲೆ ಬೆರಳಿಟ್ಟರು. ಷರಾ ಎಂದು ಅದಕ್ಕೆ ತಲೆಬರಹ. "ತಾಯೀ, ಯಂತ್ರದ ಬಾಜೂಕ ಏನ ನಡೀಲಿ, ಇಲ್ಲಿ ಬರೀಬೇಕು. ಕಸ ಸುಟ್ರ ಬರೀರಿ, ಸುಣ್ಣ ಕೆರದ್ರ ಬರೀರಿ. ಬರದ್ರ ಆ ಹಾಳಿ ತೆಗೆದು ಬಾಜೂಕ ಇಡತೀವಿ. ಬರೀಲಿಲ್ಲಂದ್ರ ಅದು ಪೂರಾ ಊರಿನ ಗಾಳಿ ಅಂತ ಲೆಕ್ಕಕ್ಕ ಹಿಡೀತೀವಿ." ಅವರು ನನಗೆ ಕಲಿಸಿದ ಪಾಠ ಇದೊಂದೇ. ಹುಡುಗಿಯರೇ, ಇದನ್ನು ಗಟ್ಟಿಯಾಗಿ ನೆನಪಿಡಿ. ನಾನು ಒಮ್ಮೆ ಬಿಟ್ಟೆ.

ಹಾಳೆಯ ಬಣ್ಣ ಓದಲು ಯಾರೂ ಕಲಿಸಲಿಲ್ಲ, ತಾನಾಗಿ ಬಂತು. ಬೇಸಿಗೆಯಲ್ಲಿ ಹಾಳೆ ತೊಗರಿಬೇಳೆಯ ಬಣ್ಣ, ಅದು ಮಣ್ಣು. ಸುಗ್ಗಿಯಲ್ಲಿ ಗಿರಣಿಯ ಬೂದಿ ಬಿದ್ದು ಕರಿಎಳ್ಳು ಚೆಲ್ಲಿದಂತೆ ಚುಕ್ಕೆ. ದೀಪಾವಳಿಯ ಹಾಳೆ ಬೇರೆಯೇ. ಬೂದುಬಣ್ಣ, ಓರೆಯಾಗಿ ಹಿಡಿದರೆ ಬೆಳ್ಳಿಯ ಮಿಂಚು. ಮೊದಲ ಸಲ ನೋಡಿದಾಗ, ಹೇಳಲು ನಾಚಿಕೆ, ಚೆಂದ ಅನ್ನಿಸಿತ್ತು.

ಯಾಕೆಂದರೆ ಆ ಹೊಗೆ ನನಗೆ ಪರಕೀಯವಲ್ಲ. ದೇವದುರ್ಗದಲ್ಲಿ ಅಪ್ಪ ತಂದ ಪಟಾಕಿ ಸರವನ್ನು ನಾವು ಅಕ್ಕತಂಗಿಯರು ಒಂದೊಂದಾಗಿ ಬಿಡಿಸಿ, ಮೊರದಲ್ಲಿ ಹರಡಿ, ಸಂಡಿಗೆಯ ಪಕ್ಕ ಬಿಸಿಲಿಗಿಡುತ್ತಿದ್ದೆವು. ಕಾಗೆ ಸಂಡಿಗೆ ಒಯ್ದರೂ ಚಿಂತೆಯಿಲ್ಲ, ಪಟಾಕಿಗೆ ಮಾತ್ರ ಕಾವಲು. ಚತುರ್ದಶಿಯ ನಸುಕಿನಲ್ಲಿ ಎಣ್ಣೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಅಂಗಳಕ್ಕೆ ಓಡಿ, ಒಂದು ಹಚ್ಚಿ, ಅದೇ ಕೈಯಲ್ಲಿ ಕರ್ಚಿಕಾಯಿ ತಿಂದರೆ ನಾಲಿಗೆಗೆ ಸಿಹಿ, ಮೂಗಿಗೆ ಸಿಡಿಮದ್ದು. ಅದು ಎದೆಗೆ ಒಳ್ಳೆಯದಲ್ಲ ಎಂದು ಇಪ್ಪತ್ತು ವರ್ಷ ನನ್ನ ಕೈಯಾರೆ ತೂಕಕ್ಕೆ ಕಳಿಸಿದವಳು ನಾನು. ಆದರೂ ಆ ವಾಸನೆಗೆ ಇವತ್ತಿಗೂ ಮನಸ್ಸು ಹಾತೊರೆಯುತ್ತದೆ. ಇದನ್ನು ಮುಚ್ಚಿಟ್ಟು ನಿಮಗೆ ಉಪದೇಶ ಹೇಳಲಾರೆ.

ಒಂದು ವರ್ಷ ಹಳ್ಳಿಯ ಗಾಳಿಯೊಂದಿಗೆ ಹೋಲಿಸಿ ನೋಡಬೇಕೆಂದು ಸಾಹೇಬರು ಸಣ್ಣ ಯಂತ್ರವೊಂದನ್ನು ಜೀಪಿನಲ್ಲಿ ಹೇರಿಕೊಂಡು ದೇವದುರ್ಗ ತಾಲ್ಲೂಕಿನ ಗೂಗಲ್‌ಗೆ ಹೊರಟರು. ದಾರಿಯಲ್ಲಿ ತವರು ಸಿಗುತ್ತದೆಂಬ ಆಸೆಗೆ, ಮನೆಯ ಯಂತ್ರದ ಹಾಳೆಗಳನ್ನು ನಮ್ಮ ಮನೆಯವರಿಗೆ ಒಪ್ಪಿಸಿ ನಾನೂ ಹೋದೆ. ಕೃಷ್ಣೆಯ ದಂಡೆಯ ಹತ್ತಿರ ಒಂದು ಮನೆಯ ಕಟ್ಟೆಯ ಮೇಲೆ ಯಂತ್ರ ಇಟ್ಟೆವು. ಆ ಮನೆಯ ಮುದುಕಿ ದೀಪಾವಳಿ ಪಾಡ್ಯಕ್ಕೆ ಬಾಗಿಲಲ್ಲಿ ಪಾಂಡವರ ಗೊಂಬೆಗಳನ್ನಿಡಲು ಸೆಗಣಿ ನಾದುತ್ತ ಬಹಳ ಹೊತ್ತು ನೋಡಿದಳು.

"ಯವ್ವಾ, ಈ ಪೆಟಿಗಿ ಏನ್ ಮಾಡತದ?"

"ಗಾಳಿ ಸೋಸತದ್ರಿ ಅಮ್ಮಾ."

"ಸೋಸಿದ್ದು ಯಾರಿಗಿ ಕೊಡತೀರಿ?"

ಅಲ್ಲಿನ ಹಾಳೆ ಹೆಚ್ಚುಕಡಿಮೆ ಇಟ್ಟ ಹಾಗೆಯೇ ಹೊರಬಂತು. ಆದರೆ ಆ ಪ್ರಶ್ನೆಗೆ ಉತ್ತರ ಸಾಹೇಬರಿಗೆ ನಿವೃತ್ತಿಯವರೆಗೂ ಸಿಗಲಿಲ್ಲ, ನನಗೂ ಸಿಕ್ಕಿಲ್ಲ.

ಇನ್ನು ನಾಗರತ್ನಳ ವಿಷಯ. ಮಾನ್ವಿಯ ಹತ್ತಿರದ ಹಿರೇಕೊಟ್ನೆಕಲ್ಲಿನವಳು. ಅವಳ ಗಂಡ ಬಸಣ್ಣನದು ಕಿರಾಣಿ ಅಂಗಡಿ. ದೀಪಾವಳಿ ಬಂತೆಂದರೆ ಊರೊಳಗಿನ ಮೈದಾನದಲ್ಲಿ ಪಟಾಕಿ ಅಂಗಡಿ. ನಮ್ಮೆರಡು ಮನೆಗಳ ಮಾಳಿಗೆಗಳ ನಡುವೆ ಸೊಂಟದೆತ್ತರದ ಗೋಡೆ. ಆ ಗೋಡೆಯ ಮೇಲಿಂದ ಹೋಳಿಗೆ ಆಚೆ ಹೋಗುತ್ತಿತ್ತು, ಎಳ್ಳು ಹಚ್ಚಿದ ಕಟಕರೊಟ್ಟಿ ಈಚೆ ಬರುತ್ತಿತ್ತು. ಅವಳ ಮನೆಯಲ್ಲಿ ಪಟಾಕಿ, ನನ್ನ ಮನೆಯಲ್ಲಿ ಅದನ್ನು ಅಳೆಯುವ ಯಂತ್ರ. ಇದು ನಮಗೆ ಜಗಳವಾಗಿರಲಿಲ್ಲ, ತಮಾಷೆಯಾಗಿತ್ತು.

"ವೈನಿ, ಇವತ್ತ ನಿಮ್ಮ ಡಬ್ಬಿ ಉಸಿರಾಡಾಕತ್ತದೇನ್ರಿ?" ಎಂದು ಕೂಗುತ್ತಿದ್ದಳು. ಸ್ವಂತ ಅತ್ತಿಗೆಯನ್ನು ಕರೆಯುವಂತೆ ನನ್ನನ್ನು ವೈನಿ ಎಂದೇ ಕರೆಯುತ್ತಿದ್ದಳು.

"ಹೌದವ್ವಾ. ನಾಳಿ ಬೆಳಗಿನ ಮಟ ನಿಮ್ಮ ಬಾಂಬು ಮಲಗಿರಲಿ."

"ಮಲಗ್ಯಾವ ಬಿಡ್ರಿ. ಎದ್ದರ ನಿಮ್ಮ ಸಾಹೇಬರಿಗಿ ಆರತಿ ಎತ್ತಸತೀನಿ."

ಅವರ ಅಂಗಡಿಗೆ ಒಂದು ಪದ್ಧತಿಯಿತ್ತು. ಮಾಲು ಬಂದ ದಿನ ಪ್ರತಿ ಪೆಟ್ಟಿಗೆಯಿಂದ ಒಂದೊಂದು ತೆಗೆದು ಮಾಳಿಗೆಯ ಮೇಲೆ ಹಚ್ಚಿ, ಥಂಡಿ ಹಿಡಿದಿದೆಯೋ ಇಲ್ಲವೋ ನೋಡಿಯೇ ಮಾರುತ್ತಿದ್ದರು. ಗಿರಾಕಿಗೆ ಸದ್ದಾಗದ ಪಟಾಕಿ ಕೊಡುವುದು ಬಸಣ್ಣನಿಗೆ ಕಲ್ಲು ಬೆರೆಸಿದ ಅಕ್ಕಿ ಕೊಟ್ಟಷ್ಟೇ ಪಾಪ. ಯಂತ್ರ ನಡೆಯುವ ದಿನ ನಾನು ಗೋಡೆಯ ಮೇಲೆ ಕೆಂಪು ಟವೆಲ್ ಹಾಕುತ್ತಿದ್ದೆ. ಟವೆಲ್ ಕಂಡರೆ ಅವರು ಹಚ್ಚುತ್ತಿರಲಿಲ್ಲ.

ಆ ವರ್ಷ ಹಬ್ಬದ ಮುಂಚೆ ಅಕಾಲದ ಮಳೆ ಹಿಡಿಯಿತು. ಲಾರಿಯಲ್ಲೇ ಮಾಲು ತೊಯ್ದಿತ್ತು. ಚತುರ್ದಶಿಯ ಬೆಳಿಗ್ಗೆ ನಾನು ಆರಕ್ಕೆ ಹೊಸ ಹಾಳೆ ಹಾಕಿ, ಟವೆಲ್ ಹರಡಿ, ಎಲ್ಲರಿಗೂ ಎಣ್ಣೆ ಹಚ್ಚಿ ಆರತಿ ಮಾಡುವ ಗದ್ದಲದಲ್ಲಿದ್ದೆ. ಮೇಲಿಂದ ಸದ್ದು ಕೇಳಿ ಓಡಿದೆ. ನಾಗರತ್ನ ಸೆರಗಿನಿಂದ ಮೂಗು ಮುಚ್ಚಿಕೊಂಡು ಗೋಡೆಯ ಪಕ್ಕದಲ್ಲೇ ಒಂದರ ಹಿಂದೊಂದು ಹಚ್ಚುತ್ತಿದ್ದಳು. ಗಾಳಿ ನಮ್ಮ ಕಡೆಗಿತ್ತು. ಪೆಟ್ಟಿಗೆಯ ಚಾವಣಿಯೇ ಕಾಣುತ್ತಿರಲಿಲ್ಲ.

"ನಾಗರತ್ನಾ! ಟವೆಲ್ ಕಾಣಲಿಲ್ಲೇನ?"

"ಕಂಡತ್ರಿ ವೈನಿ. ಕಾಲಿಗಿ ಬೀಳತೀನಿ, ಇವತ್ತ ಒಂದಿನ ಕಣ್ಣ ಮುಚ್ಚಿಕೊಳ್ರಿ. ಇನ್ನೊಂದ ತಾಸಿಗಿ ಅಂಗಡಿ ತೆರೀಬೇಕು. ತೊಯ್ದದ್ದು ಯಾವ್ದು, ಒಣಗಿದ್ದು ಯಾವ್ದು ಗೊತ್ತಾಗವಲ್ದು."

ಕಣ್ಣು ಮುಚ್ಚಿಕೊಂಡೆ. ಎರಡಕ್ಕೆ ಹಾಳೆ ತೆಗೆದಾಗ ಹಂಚಿನ ತಳದಂತಿತ್ತು. ಪುಸ್ತಕ ತೆರೆದು ಷರಾದ ಕಾಲಮಿನ ಮೇಲೆ ಪೆನ್ನು ಹಿಡಿದು ಕುಳಿತೆ. ಪಕ್ಕದ ಮನೆಯಲ್ಲಿ ಪಟಾಕಿ ಹಚ್ಚಿದರು ಎಂದು ಬರೆದರೆ, ಮನೆಯಲ್ಲಿ ಮಾಲು ಯಾಕಿಟ್ಟಿದ್ದರು ಎಂಬ ಪ್ರಶ್ನೆ ಏಳುತ್ತದೆ. ಬಸಣ್ಣನ ಲೈಸೆನ್ಸಿಗೆ ಬರುತ್ತದೆ. ಅಂಚು ಬಿಟ್ಟು ಬರೆಯಲು ಕಲಿತ ಕೈ ಆ ದಿನ ಇಡೀ ಕಾಲಮನ್ನೇ ಬಿಟ್ಟಿತು. ಸಾಹೇಬರು ಹಾಳೆ ಒಯ್ಯಲು ಬಂದಾಗ, "ಸನೇದಾಗ ಏನರ ಹಚ್ಚಿದ್ರೇನ್ ತಾಯೀ?" ಎಂದು ಕೇಳಿದರು. "ಏನಿಲ್ರಿ ಸರ್" ಅಂದೆ. ಆಯುಧಪೂಜೆಯ ದಿನ ನಮ್ಮತ್ತೆಯವರು ತೋರಿಸಿದ ಧೈರ್ಯ ನನಗೆ ಬರಲಿಲ್ಲ.

ಮರುವರ್ಷದ ದೀಪಾವಳಿಗೆ ಪಟಾಕಿ ಅಂಗಡಿಗಳನ್ನು ಮೈದಾನದಿಂದ ಎತ್ತಿ ಊರಾಚೆಯ ಬಯಲಿಗೆ ಹಾಕಿದರು. ಆ ಭಾಗದ ಗಾಳಿ ಹಬ್ಬದಲ್ಲಿ ಬಹಳ ಕೆಟ್ಟಿತ್ತು, ಮನೆಗಳ ನಡುವೆ ಪಟಾಕಿ ಮಾರಾಟ ಬೇಡ ಎಂದು ಮೇಲಿನವರು ತೀರ್ಮಾನಿಸಿದ್ದರಂತೆ. ಅಷ್ಟು ದೂರ ಯಾರು ಹೋಗುತ್ತಾರೆ? ಬಸಣ್ಣ ಆ ವರ್ಷ ಬಯಲಿನಲ್ಲಿ ಖಾಲಿ ಕುಳಿತು ಬಂದ. ಆಮೇಲೆ ಅಂಗಡಿ ಹಾಕಲಿಲ್ಲ.

ಗಾಳಿಯ ಲೆಕ್ಕ ಹೋದದ್ದು ನಮ್ಮ ಮಾಳಿಗೆಯಿಂದ ಎಂದು ಯಾರೋ ನಾಗರತ್ನಳ ಕಿವಿಗೆ ಹಾಕಿದರು. ಗೋಡೆಯ ಹತ್ತಿರ ಬಂದು ನಿಂತಳು. ಕೂಗಾಡಲಿಲ್ಲ.

"ಬರದೀರೇನ್ರಿ?"

"ನಾನೇನೂ ಬರೀಲಿಲ್ಲ ನಾಗರತ್ನಾ."

"ಇರಲಿ ಬಿಡ್ರಿ ಅಮ್ಮಾರ" ಅಂದಳು. ವೈನಿ ಅನ್ನುವ ಬಾಯಲ್ಲಿ ಅಮ್ಮಾರ ಎಂದು ಬಂದದ್ದು ಅದೇ ಮೊದಲು. ನಾನು ಹೇಳಿದ್ದು ನಿಜ. ಏನೂ ಬರೆದಿರಲಿಲ್ಲ. ಬರೆಯದೆ ಇದ್ದದ್ದೇ ಕುತ್ತಾಯಿತು ಎಂಬುದನ್ನು ಹೇಳದೆ ಕೆಳಗಿಳಿದೆ. ಆ ಹಾಳೆ ಇಲ್ಲದಿದ್ದರೂ ಅಂಗಡಿಗಳು ಊರಾಚೆ ಹೋಗುತ್ತಿದ್ದವೇನೋ. ಗೊತ್ತಿಲ್ಲ. ಗೊತ್ತಾಗದ ಹಾಗೆ ಮಾಡಿದವಳು ನಾನೇ. ಅವರು ಮನೆ ಮಾರಿ ಮಾನ್ವಿಗೆ ಹೋದರು, ಅಲ್ಲಿ ಅವಳ ಅಣ್ಣನ ಅಂಗಡಿಯಿತ್ತು. ಹೊಸಬರು ಬಂದು ನಡುವಿನ ಗೋಡೆಯನ್ನು ತಲೆಯೆತ್ತರಕ್ಕೆ ಕಟ್ಟಿಸಿದರು.

ಆಮೇಲಿನ ವರ್ಷಗಳಲ್ಲಿ ಜನ ಬದಲಾದರು. ಮೊದಮೊದಲು ಓಣಿಯ ಹುಡುಗರು ನನ್ನನ್ನು ಹೊಗಿ ಬಾಯಿ, ಅಂದರೆ ಹೊಗೆಯಮ್ಮ, ಎಂದು ಕರೆಯುತ್ತಿದ್ದರು. ರಾಕೆಟ್ಟನ್ನು ಬೇಕೆಂದೇ ಪೆಟ್ಟಿಗೆಯ ಕಡೆಗೆ ತಿರುಗಿಸುತ್ತಿದ್ದರು. ಅವರೇ ಅಪ್ಪಂದಿರಾಗಿ, "ಬಾಯಾರ, ಇವತ್ತ ಗಾಳಿ ಹ್ಯಾಂಗದ? ಕೂಸಿಗಿ ದಮ್ಮು, ಹೊರಗ ಕರಕೊಂಡು ಹೋಗಬಹುದೇನ್ರಿ?" ಎಂದು ಕೇಳತೊಡಗಿದರು. ಶಾಲೆಯ ಮಕ್ಕಳು ಸಾಲಾಗಿ ಬಂದು ಹಬ್ಬದ ಹಾಳೆ ನೋಡಿ ಹೋಗುತ್ತಿದ್ದರು. ಹಸಿರು ಪಟಾಕಿ ಬಂತು. ನಮ್ಮ ಮನೆಯವರು ಕೂಡ ಒಂದು ಹೂಕುಂಡ ಹಚ್ಚಿ, ಅದು ಮುಗಿಯುವ ಮುಂಚೆಯೇ ತಪ್ಪು ಮಾಡಿದವರ ಹಾಗೆ ಒಳಗೆ ಬರುತ್ತಾರೆ. ಕೊನೆಗೆ ಬೇರೆ ಕಡೆ ತಾನೇ ಅಳೆದು ತಾನೇ ಕಳಿಸುವ ಯಂತ್ರ ಬಂತು. ಹಾಳೆಯೂ ಬೇಡ, ಚಿಮುಟವೂ ಬೇಡ, ಅಂಕಿ ಸೀದಾ ಮೊಬೈಲಿಗೆ. ಒಳ್ಳೆಯದೇ. ಅದಕ್ಕೆ ನೆರೆಮನೆಯ ಮುಲಾಜಿಲ್ಲ. ಈಗ ಚತುರ್ದಶಿಯ ನಸುಕು ಸದ್ದಿಲ್ಲದೆ ಬರುತ್ತದೆ. ನನಗೆ ಮಾತ್ರ ಎಚ್ಚರವಾಗುತ್ತದೆ. ಹಾಸಿಗೆಯಲ್ಲಿ ಕಿವಿಗೊಟ್ಟು ಮಲಗಿರುತ್ತೇನೆ. ಎಲ್ಲೋ ದೂರದಲ್ಲಿ ಒಂದಾದರೂ ಢಂ ಅಂದರೆ ಎದೆ ಹಿಗ್ಗುತ್ತದೆ, ಮರುಗಳಿಗೆಯಲ್ಲಿ ಗಾಳಿ ಯಾವ ಕಡೆಗಿದೆ ಎಂದು ಲೆಕ್ಕ ಹಾಕುತ್ತೇನೆ.

ಆ ಇಬ್ಬರು ಹುಡುಗಿಯರು ಬಂದು ಹೋದ ಮೇಲೆ ಸುಮ್ಮನಿರಲಾಗಲಿಲ್ಲ. ಅವರಿಗೆ ಷರಾ ತಪ್ಪದೆ ಬರೆಯಿರಿ ಎಂದು ಹೇಳುವಾಗ ನನ್ನ ದನಿ ನನಗೇ ಟೊಳ್ಳಾಗಿ ಕೇಳಿಸಿತು. ಕಳೆದ ವಾರ ನಮ್ಮ ಮನೆಯವರಿಗೆ ಹೇಳಿ ಬೆಳಗಿನ ಬಸ್ಸಿಗೆ ಮಾನ್ವಿಗೆ ಹೋದೆ. ಒಯ್ಯಲು ಹೋಳಿಗೆ ಮಾಡಿದ್ದೆ. ಡಬ್ಬಿ ತೊಡೆಯ ಮೇಲೆ ಬಿಸಿಯಾಗಿ ಕುಳಿತಿತ್ತು. ಊರು ಬಂದಾಗ ಇಳಿಯದೆ ಮುಂದೆ ಹೋಗಿಬಿಡಲೇ ಅನ್ನಿಸಿತು.

ಮನೆ ಹುಡುಕಿದೆ. ನಾಗರತ್ನ ಅಂಗಳದಲ್ಲಿ ಹಣತೆಗಳನ್ನು ನೀರಿನಲ್ಲಿ ನೆನೆಹಾಕುತ್ತಿದ್ದಳು. ಕೂದಲು ಪೂರಾ ಬೆಳ್ಳಗಾಗಿದೆ. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು, ಅಥವಾ ಬೇಕಾದಂತೆ ಮಾಡಿದಳು.

"ಬರ್ರಿ ಅಮ್ಮಾರ. ಕೂಡ್ರಿ."

ಕೂಡಲಿಲ್ಲ. ಕೂತರೆ ಕ್ಷೇಮಸಮಾಚಾರದಲ್ಲಿ ಹೊತ್ತು ಹೋಗುತ್ತದೆಂದು ನಿಂತೇ ಎಲ್ಲ ಹೇಳಿದೆ. ಹಾಳೆ, ಖಾಲಿ ಬಿಟ್ಟ ಕಾಲಮು, ಸಾಹೇಬರಿಗೆ ಹೇಳಿದ ಸುಳ್ಳು. ಅವಳು ಹಣತೆ ಹಿಡಿದೇ ಕೇಳಿದಳು.

"ಬರದಿದ್ರ ಏನಾಗತಿತ್ತು?"

"ಆ ಹಾಳಿ ತೆಗೆದು ಬಾಜೂಕ ಇಡತಿದ್ರು. ಲೆಕ್ಕಕ್ಕ ಹಿಡೀತಿದ್ದಿಲ್ಲ."

"ಮತ್ತ ಯಾಕ ಬರೀಲಿಲ್ಲ?"

"ನಿಮ್ಮ ಲೈಸೆನ್ಸಿಗೆ ತ್ರಾಸ ಆಗಬಾರದಂತ."

ಹಣತೆಯನ್ನು ನೀರಿಗೆ ಬಿಟ್ಟಳು. ಅದು ಗುಳುಗುಳು ಎಂದು ಮುಳುಗುವವರೆಗೆ ನೋಡಿದಳು.

"ಅಂದ್ರ ಇಷ್ಟ ವರ್ಷ ನೀವು ಬರದೀರಂತ ಸಿಟ್ಟ ಹಿಡಕೊಂಡ ಕುಂತೀನಿ ನಾ. ಈಗ ಬಂದು ಬರೀಲಿಲ್ಲ, ಅದಕ್ಕ ಹಿಂಗಾತು ಅಂತೀರಿ. ಇದ್ದ ಸಿಟ್ಟೆಲ್ಲಾ ದಂಡ ಆತಲ್ರೀ! ಈ ವಯಸ್ಸಿನ್ಯಾಗ ಮತ್ತ ಮೊದಲಿಂದ ಸಿಟ್ಟ ಮಾಡಬೇಕೇನ್ರಿ ನಾನು?"

"ಮಾಡು" ಅಂದೆ. "ಅದಕ್ಕ ಬಂದೀನಿ."

ಮಾಡಿದಳು. ಲೈಸೆನ್ಸು ಹೋಗಿದ್ದರೆ ಒಂದು ವರ್ಷಕ್ಕೆ ಹೋಗುತ್ತಿತ್ತು, ಅಂಗಡಿಯೇ ಹೋಯಿತಲ್ಲ ಎಂದು ಬೈದಳು. "ಕಾನ್ವೆಂಟಿನ್ಯಾಗ ಕಲತ ಶಾಣ್ಯಾರು, ಇಷ್ಟ ತಿಳೀಲಿಲ್ಲೇನ್ರಿ?" ಎಂದು ಬೈದಳು. ಮಗಳ ಮದುವೆಗೆ ಪತ್ರಿಕೆ ಕಳಿಸಿದರೂ ಬರಲಿಲ್ಲವೆಂದು ಬೈದಳು. ಆ ಪತ್ರಿಕೆ ನನಗೆ ಮುಟ್ಟಿರಲಿಲ್ಲ. ಹೇಳಲು ಹೋದೆ, ಅದಕ್ಕೂ ಬೈದಳು. ಬಸಣ್ಣ ಚಹಾ ತಂದಿಟ್ಟು, ನನ್ನ ಕಡೆ ನೋಡಿ ಸಣ್ಣಗೆ ನಕ್ಕು ಒಳಗೆ ಹೋದ. ನಡುವೆ ಮೊಮ್ಮಗಳು ಶಾಲೆಯಿಂದ ಬಂದಳು. ಅವಳ ಕಡೆ ಬೆರಳು ಮಾಡಿ, "ಇಕಿ ನೋಡ್ರಿ, ನಮ್ಮ ಕೈ ಹಿಡದು ಪಟಾಕಿ ಹಚ್ಚಂಗಿಲ್ಲಂತ ಆಣಿ ಮಾಡಿಸ್ಯಾಳ. ಪಟಾಕಿ ಮಾರಿದ ಕೈಯಿ ಇದು! ಹೂಂ ಅಂದೀನಿ. ಏನ್ ಮಾಡಲಿ, ಇಕಿ ಎದಿ ಗೊರಗೊರ ಅಂತದ" ಅಂದಳು. ಅಂದು ಮುಗಿಸಿ, ಉಸಿರು ತೆಗೆದುಕೊಂಡು, ಡಬ್ಬಿ ತೆರೆದು ಹೋಳಿಗೆಯ ಅಂಚು ಮುರಿದು ಬಾಯಿಗೆ ಹಾಕಿಕೊಂಡಳು. "ಬೆಲ್ಲ ಕಡಿಮಿ ಆಗ್ಯಾದ ವೈನಿ" ಎಂದು ಅದಕ್ಕೂ ಶುರು ಮಾಡಿದಳು.

ಎರಡರ ಬಸ್ಸು ಹೋಯಿತು. ಮೂರರದೂ ಹೋಯಿತು. ನಮ್ಮ ಮನೆಯವರು ಫೋನು ಮಾಡಿದರು.

"ಎಲ್ಲಿದ್ದೀಯ? ಇನ್ನೂ ಯಾಕ ಹೊರಟಿಲ್ಲ?"

"ಬೈಸ್ಕೊಳ್ಳಿಕ್ಕತ್ತೀನ್ರಿ" ಅಂದೆ. "ಇನ್ನೂ ಮುಗದಿಲ್ಲ."